ಕೊಟ್ಟ ಕೈ

ಆ ಗಿಡದ ಹೆಸರನ್ನು ಈ ಕತೆಯಲ್ಲಿ ಬರೆಯುವುದಿಲ್ಲ. ಕೇಳಬೇಡಿ. ಒಂದು ಸಲ ಬರೆದದ್ದರಿಂದ ಆದದ್ದೇ ಸಾಕು.

ತೊಣ್ಣೂರು ಕೆರೆಯ ಆಚೆಗಿನ ಗುಡ್ಡದಲ್ಲಿ, ಬಂಡೆಗಳ ಸಂದಿನಲ್ಲಿ ಅದು ಬೆಳೆಯುತ್ತದೆ. ಮೊಣಕಾಲೆತ್ತರ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಹಸಿ ಎಲೆಯ ರಸ ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ. ಅದೇ ಎಲೆಯನ್ನು ಅಕ್ಕಿ ತೊಳೆದ ನೀರಿನಲ್ಲಿ ಮೂರು ದಿನ ನೆನೆಹಾಕಿ, ಅರೆದು, ಬೆಚ್ಚಗೆ ಮಾಡಿ ಉಜ್ಜಿದರೆ ಊತ ಇಳಿಯುತ್ತದೆ. ತೊಣ್ಣೂರಿನ ಕೇರಿಯ ದ್ಯಾವಮ್ಮನಿಗೆ ಇದು ಗೊತ್ತಿತ್ತು. ಅವಳಿಗೆ ಅವಳ ಅತ್ತೆ ಹೇಳಿದ್ದಳು. ಅತ್ತೆಗೆ ಅವಳ ಅತ್ತೆ.

ದ್ಯಾವಮ್ಮ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು, ಕಳೆ ಕೀಳುತ್ತಿದ್ದಳು, ಕಬ್ಬು ಕಡಿಯುತ್ತಿದ್ದಳು. ಬಲಗೈಯ ತೋರುಬೆರಳಿನ ತುದಿ ಇರಲಿಲ್ಲ. ಕಬ್ಬು ಕಡಿಯುವಾಗ ಮಚ್ಚಿಗೆ ಹೋಗಿತ್ತು. ಆ ಮೋಟು ಬೆರಳಿನ ಕೈಗೆ ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ಜನ ಬಸ್ಸು ಹತ್ತಿ ಬರುತ್ತಿದ್ದರು. ಊದಿದ ಮಂಡಿ, ಊದಿದ ಪಾದ, ಉಳುಕಿದ ಕಣಕಾಲು. ಬಂದವರಿಂದ ಅವಳು ಒಂದು ವೀಳ್ಯದೆಲೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಊರಿನ ಗೌಡರು ಮಾತ್ರ ಕೇರಿಗೆ ಬರುತ್ತಿರಲಿಲ್ಲ. ಹೇಳಿ ಕಳಿಸುತ್ತಿದ್ದರು. ಹಾಲಿನ ಡೇರಿಯ ಅಧ್ಯಕ್ಷ ನಂಜಪ್ಪನ ತಾಯಿ ಸೋಮಮ್ಮನವರ ಮಂಡಿ ವರ್ಷಕ್ಕೆ ನಾಲ್ಕು ಸಲ ಊದುತ್ತಿತ್ತು. ದ್ಯಾವಮ್ಮ ಹಿತ್ತಿಲಿಗೆ ಹೋಗಬೇಕು. ಮುದುಕಿ ಕಲ್ಲಿನ ಮೇಲೆ ಕೂರಬೇಕು, ದ್ಯಾವಮ್ಮ ನೆಲದ ಮೇಲೆ. ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅರ್ಧ ಗಂಟೆ ಉಜ್ಜಬೇಕು. ಆಮೇಲೆ ಸೋಮಮ್ಮನವರಿಗೆ ಸ್ನಾನವಾಗಬೇಕು. ಔಷಧಿ ಮಂಡಿಯಲ್ಲೇ ಉಳಿಯಬೇಕು, ಮುಟ್ಟಿದ ಮೈಲಿಗೆ ಮಾತ್ರ ಹೋಗಬೇಕು. ಅದಕ್ಕೆ ಆ ಮನೆಯವರು ಒಂದು ಉಪಾಯ ಕಂಡುಕೊಂಡಿದ್ದರು: ಮಂಡಿಗೆ ಬಾಳೆಲೆ ಸುತ್ತಿ, ಬಾಳೆನಾರಿನಿಂದ ಬಿಗಿದು, ತಲೆಯ ಮೇಲಿಂದ ನೀರು ಹುಯ್ಯುತ್ತಿದ್ದರು. ಹದಿನೈದು ವರ್ಷ ಹೀಗೇ ನಡೆಯಿತು. ದ್ಯಾವಮ್ಮ ತುಟಿ ಪಿಟಕ್ಕೆನ್ನಲಿಲ್ಲ. ನೋವು ಅನ್ನುವ ಕಾಲು ಕಂಡರೆ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ.

ಈ ಔಷಧಿಯ ವಿಷಯದಲ್ಲಿ ಅವಳ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಔಷಧಿ ಗೊತ್ತಿದೆ ಎನ್ನುತ್ತಿರಲಿಲ್ಲ, ಕೈ ಇದೆ ಎನ್ನುತ್ತಿದ್ದರು. ಆ ಕೈ ಒಂದು ಕಾಲಕ್ಕೆ ಒಬ್ಬರದೇ. ಗಿಡದ ಹೆಸರನ್ನು ಇನ್ನೊಬ್ಬರ ಕಿವಿಯಲ್ಲಿ ಹೇಳಿದರೆ ಕೈ ಅವರದಾಯಿತು. ಕೊಟ್ಟವರು ಅಂದಿನಿಂದ ಯಾರ ಊತಕ್ಕೂ ಔಷಧಿ ಹಚ್ಚಿ ಮುಟ್ಟುವಂತಿಲ್ಲ. ತೆಗೆದುಕೊಂಡವರು ಬಂದ ರೋಗಿಗೆ ಇಲ್ಲ ಎನ್ನುವಂತಿಲ್ಲ. ರೋಗಿಯನ್ನು ಎದುರಿಗೆ ಇಟ್ಟುಕೊಂಡು ತಮ್ಮ ಬಾಯಿಂದಲೇ ಮೂರು ಸಲ ಇಲ್ಲ ಎಂದರೆ, ಕೈ ಕೊಟ್ಟವರಿಗೇ ವಾಪಸ್ಸು ಬರುತ್ತದೆ. ಹಾಗೆ ವಾಪಸ್ಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಷ್ಟು ನಾಚಿಕೆಗೆಟ್ಟವರು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ತೊಂಬತ್ತನಾಲ್ಕನೇ ಇಸವಿಯ ಮುಂಗಾರಿನಲ್ಲಿ ನಂಜಪ್ಪನ ಮಗಳು ಪ್ರಮೀಳಾ ಕೇರಿಗೆ ಬಂದಳು. ಮೈಸೂರಿನಲ್ಲಿ ಔಷಧಿ ಗಿಡಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಹೆಗಲಿಗೆ ಚೀಲ, ಚೀಲದಲ್ಲಿ ನೋಟ್‌ಬುಕ್ಕು, ಕ್ಯಾಮೆರಾ, ಗಿಡ ಒತ್ತಿಡಲು ಹಳೇ ಪೇಪರು. ದ್ಯಾವಮ್ಮನ ಜಗಲಿಯ ಮೇಲೆ ಕೂತು ನೀರು ಕೇಳಿದಳು.

"ನಮ್ಮನೆ ನೀರಾ ಕೂಸವ್ವಾ?" ಎಂದಳು ದ್ಯಾವಮ್ಮ.

"ಯಾಕೆ, ನಿಮ್ಮನೆ ನೀರಿಗೇನು ಬೇರೆ ಬಣ್ಣ ಇದ್ಯಾ?"

ಚೊಂಬನ್ನು ಕಚ್ಚಿಕೊಂಡೇ ಕುಡಿದಳು. ಕೊನೆಯ ಗುಟುಕಿನವರೆಗೂ. ನೀವು ಎಂದು ಮಾತಾಡಿಸಿದಳು. ಆ ಮನೆಯಿಂದ ಐವತ್ತು ವರ್ಷದಲ್ಲಿ ಯಾರೂ ದ್ಯಾವಮ್ಮನನ್ನು ನೀವು ಎಂದಿರಲಿಲ್ಲ. ಅವತ್ತೇ ದ್ಯಾವಮ್ಮ ಸೋತುಹೋದಳು. ಒಂದು ಚೊಂಬು ನೀರಿಗೆ, ಒಂದು ಮಾತಿಗೆ ಸೋಲುವ ಹಾಗೆ ನಮ್ಮನ್ನು ಇಟ್ಟಿದ್ದಾರಲ್ಲ, ಅದನ್ನು ನೆನೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಪ್ರಮೀಳಾ ವಾರಕ್ಕೊಮ್ಮೆ ಬರತೊಡಗಿದಳು. ದ್ಯಾವಮ್ಮನ ಹಿಂದೆ ಗುಡ್ಡ ಹತ್ತುತ್ತಿದ್ದಳು. ಒಂದು ಗಿಡದಿಂದ ಎಷ್ಟು ಎಲೆ ಕೀಳಬೇಕು, ಯಾಕೆ ಬೇರು ಮುಟ್ಟಬಾರದು, ಎಲ್ಲ ಕೇಳುತ್ತಿದ್ದಳು. ಅಲ್ಲಿ ಮೈಸೂರಿನಲ್ಲಿ ಏನು ಮಾಡುತ್ತಾರೆಂದು ತಾನೂ ಹೇಳುತ್ತಿದ್ದಳು.

"ಮೊದ್ಲು ಇಲಿ ಅಂಗಾಲಿಗೆ ಒಂದು ಸೂಜಿ ಚುಚ್ತೀವಿ. ಕಾಲು ಊದ್ಕೊಳ್ಳುತ್ತೆ. ಕೆಲವು ಇಲಿಗೆ ನಿಮ್ಮ ಸೊಪ್ಪಿನ ಸಾರ ಕುಡಿಸ್ತೀವಿ, ಕೆಲವಕ್ಕೆ ಇಲ್ಲ. ಆಮೇಲೆ ಆ ಕಾಲನ್ನ ಹಿಡ್ಕೊಂಡು ಪಾದರಸದಲ್ಲಿ ಅದ್ದಿ ಗಂಟೆಗೊಂದು ಸಲ ಅಳೀತೀವಿ, ಎಷ್ಟು ಇಳೀತು ಅಂತ."

ದ್ಯಾವಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಊದ್ಕಂಡಿರೋ ಕಾಲು ನಮ್ ಕೇರೀಲೇ ಬೇಕಾದಷ್ಟವೆ. ಇಲಿಗ್ಯಾಕವ್ವಾ ಚುಚ್ಚಿ ಊದುಸ್ತೀರಿ?"

ಪ್ರಮೀಳಾ ಜೋರಾಗಿ ನಕ್ಕಳು. ಇದನ್ನು ಬರೆದುಕೊಳ್ಳಲಿಲ್ಲ.

ಎಲೆ ಸಿಕ್ಕಿತ್ತು. ಆದರೆ ಹೆಸರು ಬೇಕಿತ್ತು. ಹೆಸರಿಲ್ಲದೆ ಪುಸ್ತಕ ಆಗುವುದಿಲ್ಲ ಎಂದಳು. ಆ ಹೆಸರು ಹಿಡಿದು ಹಳೇ ಗ್ರಂಥಗಳಲ್ಲಿ ಹುಡುಕಬೇಕು ಎಂದಳು. ಐದು ತಿಂಗಳು ಕೇಳಿದಳು. "ಬಾಯಿಂದ ಎಸರು ಬಂದ್ರೆ ಕೈ ಓಯ್ತದೆ ಕಣವ್ವಾ" ಎಂದು ದ್ಯಾವಮ್ಮ ಐದು ತಿಂಗಳು ತಡೆದಳು. ಕೊನೆಗೆ ಪ್ರಮೀಳಾ, "ಹಾಗಾದ್ರೆ ಕೈ ನಂಗೇ ಕೊಡಿ. ನಾನು ತಗೋತೀನಿ. ಎಲ್ಲಾ ಕಟ್ಟಳೆ ನಡೆಸ್ತೀನಿ" ಎಂದುಬಿಟ್ಟಳು.

ಅದನ್ನು ಕೇಳಿಸಿಕೊಂಡವಳು ಮಾದಮ್ಮ, ದ್ಯಾವಮ್ಮನ ಸೊಸೆ. ಗಂಡ ಗಂಜಾಂ ಕಡೆ ಗಾರೆ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಮನೆಯ ಒಂದು ಎಮ್ಮೆ, ಗದ್ದೆ ಕೂಲಿ, ಒಲೆ, ಎಲ್ಲ ಅವಳ ತಲೆಯ ಮೇಲೆ. ಮದುವೆಯಾಗಿ ಬಂದಾಗಿನಿಂದ ಆ ಕೈಗೆ ಕಾದಿದ್ದಳು.

"ನಂಗೆ ಕೊಡತ್ತೆ. ನಾನೂ ಏಳ್ನೇ ಕ್ಲಾಸು ಓದಿವ್ನಿ. ಈ ಮನೆ ಸೊಸೆ ನಾನು."

"ನಿನ್ ಕೈಲಿದ್ರೆ ಈ ಕೇರೀಲೇ ಇರ್ತದೆ ಕಣಮ್ಮಿ. ಆ ಕೂಸಿನ್ ಕೈಲಿದ್ರೆ ಆಸ್ಪತ್ರೆಗೋಯ್ತದೆ, ನಾಕೂರ್ಗೆ ಓಯ್ತದೆ. ನಮ್ ಎಸ್ರಲ್ಲಿ ಓಯ್ತದೆ. ಬ್ಯಾಡ ಅಂತೀಯಾ?"

"ನಮ್ ಕೈ ಸಾಲ್ದು ಅನ್ನು ಅಂಗಾದ್ರೆ" ಎಂದು ಮಾದಮ್ಮ ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋದಳು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಬೆಳಗ್ಗೆ ಇಬ್ಬರೂ ಕೆರೆಯಲ್ಲಿ ಮುಳುಗೆದ್ದರು. ಮೂರು ದಿನ ನೆನೆದಿದ್ದ ಎಲೆಯನ್ನು ಏರಿಯ ಕಲ್ಲಿನ ಮೇಲೆ ಅರೆದರು. ಆ ರಸವನ್ನು ದ್ಯಾವಮ್ಮ ತನ್ನ ಕೈಗೂ ಪ್ರಮೀಳಾಳ ಕೈಗೂ ಸವರಿ, ಕೈ ಮೇಲೆ ಕೈ ಇಟ್ಟು ಮಾತು ಕೇಳಿದಳು. ಪ್ರಮೀಳಾ ಹೇಳಿದಳು: "ಊದಿದ ಕಾಲು ಯಾರದಾದ್ರೂ ಮುಟ್ತೀನಿ. ಯಾವ ಮನೆಯೋರು ಅಂತ ಕೇಳಲ್ಲ. ಬಂದೋರಿಗೆ ಇಲ್ಲ ಅನ್ನಲ್ಲ." ಸ್ಕೂಲಿನಲ್ಲಿ ಪಾಠ ಒಪ್ಪಿಸುವ ಹಾಗೆ, ಒಂದೂ ತಪ್ಪಿಲ್ಲದೆ ಹೇಳಿದಳು. ದ್ಯಾವಮ್ಮ ಅವಳ ಕಿವಿಯಲ್ಲಿ ಹೆಸರು ಹೇಳಿದಳು.  ಎದೆಯೊಳಗಿನಿಂದ ಏನೋ ಕಿತ್ತುಕೊಂಡು ಹೋದ ಹಾಗಾಯಿತು, ಆದರೆ ಖುಷಿಯೂ ಆಯಿತು.

ಪ್ರಮೀಳಾ ಚೀಲದಿಂದ ಕ್ಯಾಮೆರಾ ತೆಗೆದಳು. ಗಿಡ ಹಿಡಿದುಕೊಂಡು ಕೈ ಮುಂದೆ ಚಾಚಲು ಹೇಳಿದಳು.

"ನನ್ ಮೊಕ ಬತ್ತದಾ?"

"ಬರುತ್ತೆ, ಬರುತ್ತೆ. ಪುಸ್ತಕದಲ್ಲಿ ನಿಮ್ಮ ಹೆಸರೂ ಬರುತ್ತೆ."

ಅವತ್ತಿನಿಂದ ದ್ಯಾವಮ್ಮ ಕೈ ಕಟ್ಟಿ ಕೂತಳು. ನಾಗಮಂಗಲದಿಂದ ಕುಂಟಿಕೊಂಡು ಬಂದವರಿಗೆ, "ನಾನು ಕೈ ಒಪ್ಸ್‌ಬುಟ್ಟಿವ್ನಿ. ನಂಜಪ್ಪನೋರ ಮಗಳತ್ರ ಓಗಿ" ಎಂದು ದಾರಿ ತೋರಿಸಿದಳು. ಅವರು ನಂಜಪ್ಪನ ಗೇಟಿಗೆ ಹೋದರು. ಅಲ್ಲಿ ನಾಯಿ ಬಿಟ್ಟಿದ್ದರು. ವಾಪಸ್ಸು ಬಂದು ದ್ಯಾವಮ್ಮನಿಗೆ ಬಾಯಿಗೆ ಬಂದಂತೆ ಬೈದರು. "ಓದು ಮುಗೀಲಿ, ಕೊಡ್ತದೆ ಕೂಸು" ಎಂದು ಅವಳು ಪ್ರಮೀಳಾಳ ಪರವಾಗಿಯೇ ಮಾತಾಡಿದಳು. ಪ್ರಮೀಳಾ ತನ್ನ ಬಾಯಿಂದ ಇಲ್ಲ ಅಂದಿಲ್ಲವಲ್ಲ. ಸೋಮಮ್ಮನವರು ಹೇಳಿ ಕಳಿಸಿದಾಗಲೂ ಅವಳ ಉತ್ತರ ಅದೇ; ಆ ಮಂಡಿಗೆ ಆಸ್ಪತ್ರೆಯ ಮಾತ್ರೆಯೇ ಗತಿಯಾಯಿತು. ಹೀಗೆ ಎರಡು ವರ್ಷ ಕಳೆಯಿತು. ಪ್ರಮೀಳಾ ಕೇರಿಯ ಕಡೆ ತಲೆ ಹಾಕಲಿಲ್ಲ.

ತೊಂಬತ್ತಾರರ ಕೊನೆಯಲ್ಲಿ ನಂಜಪ್ಪನ ಗದ್ದೆಯಲ್ಲಿ ಕಬ್ಬಿನ ಕಟಾವು. ದ್ಯಾವಮ್ಮನ ಗಂಡ ಕುಳ್ಳಯ್ಯ ಬರಿಗಾಲಲ್ಲಿ ಹೊರೆ ಹೊರುತ್ತಿದ್ದ. ಕಡಿದ ಕಬ್ಬಿನ ಕೂಳೆ ಈಟಿಯ ಹಾಗೆ ಎದ್ದಿರುತ್ತದೆ. ಒಂದು ಕೂಳೆ ಅಂಗಾಲಿಗೆ ಹೊಕ್ಕಿತು. ಹೊರೆಯ ಭಾರಕ್ಕೆ ಪೂರಾ ಒಳಕ್ಕೆ ಇಳಿಯಿತು. "ಅರಿಶಿನ ಮೆತ್ತಿ ಕಟ್ಲಾ, ಲಾರಿ ಕಾಯ್ತಾ ಅದೆ" ಎಂದ ನಂಜಪ್ಪ. ಕುಳ್ಳಯ್ಯ ಕಟ್ಟಿಕೊಂಡು ಸಂಜೆಯವರೆಗೂ ಹೊತ್ತ.

ಮೂರನೇ ದಿನಕ್ಕೆ ಕೀವು. ಪಾಂಡವಪುರದ ಆಸ್ಪತ್ರೆಯಲ್ಲಿ ಕೀವು ತೆಗೆದು ಸೂಜಿ ಹಾಕಿದರು. ಗಾಯ ಮಾಯಿತು. ಊತ ಇಳಿಯಲಿಲ್ಲ. ಪಾದದಿಂದ ಮಂಡಿಯವರೆಗೆ ಕಾಲು ಮರದ ಬೊಡ್ಡೆಯಂತಾಯಿತು. ಚರ್ಮ ಹೊಳೆಯುತ್ತಿತ್ತು. ಕುಳ್ಳಯ್ಯ ಗೋಡೆಗೆ ಒರಗಿ ಕೂತವನು ಏಳಲಾರದೆ ಹೋದ.

"ನಿನ್ ಕೈಲೇ ಒಂದೀಟು ಉಜ್ಜಮ್ಮಿ" ಎಂದ ಒಂದು ದಿನ. "ಯಾರ್ಗ್ ಗೊತ್ತಾಯ್ತದೆ?"

"ನಂಗೆ ಗೊತ್ತಾಯ್ತದಲ್ಲ."

ಗಂಡನ ಕಾಲಿನ ಎದುರು ಕೂತು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದ್ಯಾವಮ್ಮ ಅತ್ತಳು. ಕೈ ಕೊಟ್ಟಾಗಿತ್ತು. ಮಾತು ಮಾತೇ. ಕುಳ್ಳಯ್ಯನನ್ನು ಎತ್ತಿಸಿಕೊಂಡು ಮೂರು ಸಲ ನಂಜಪ್ಪನ ಗೇಟಿಗೆ ಹೋದಳು. ಮೂರು ಸಲವೂ ಪ್ರಮೀಳಾ ಮೈಸೂರಲ್ಲಿದ್ದಾಳೆ ಎಂದರು. ಮೂರನೇ ಸಲ ಒಳಗೆ ಪ್ರಮೀಳಾಳ ದನಿ ಕೇಳಿಸಿತು. ದ್ಯಾವಮ್ಮ ಅದನ್ನೂ ನುಂಗಿಕೊಂಡಳು.

ಜನವರಿಯ ಒಂದು ಬೆಳಗ್ಗೆ ಮಾದಮ್ಮ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಜೊತೆ ಒಂದು ಹರಿದ ಪೇಪರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿಬಂದಳು. ಪ್ರಮೀಳಾಳ ಪುಸ್ತಕದ ಸುದ್ದಿ ಬಂದಿದೆಯೆಂದು ಡೇರಿಯ ಗೋಡೆಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದಳು. ಹಿಂದಿನಿಂದ ಡೇರಿಯವರು ಕೂಗಿದ್ದೂ ಅವಳಿಗೆ ಕೇಳಿಸಿರಲಿಲ್ಲ. ಅತ್ತೆಯ ಮುಂದೆ ಹರವಿದಳು.

ಫೋಟೊದಲ್ಲಿ ಗಿಡ ಹಿಡಿದ ಎರಡು ಕೈ ಇದ್ದವು. ಮಣಿಕಟ್ಟಿನಿಂದ ಮೇಲೆ ಏನೂ ಇರಲಿಲ್ಲ. ತೋರುಬೆರಳು ಮೋಟು.

"ಓದ್ತೀನಿ ಕೇಳತ್ತೆ" ಎಂದು ಮಾದಮ್ಮ, ಪ್ರಮೀಳಾ ತನ್ನ ಪುಸ್ತಕದ ಮೊದಲಲ್ಲಿ ಬರೆದಿದ್ದ ಮಾತನ್ನು ಬೆರಳಿಟ್ಟು ಓದಿದಳು. "ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಬಂದ ಈ ಬಾವಿನ ಮದ್ದನ್ನು ನನಗೆ ಹೇಳಿಕೊಟ್ಟವರು ನನ್ನ ಅಜ್ಜಿ ಶ್ರೀಮತಿ ಸೋಮಮ್ಮನವರು. ಅವರಿಗೆ, ನನ್ನ ತಂದೆಗೆ, ನನ್ನ ಗೈಡ್ ಅವರಿಗೆ ನಾನು ಋಣಿ. ಈ ಸಂಶೋಧನೆಗಾಗಿ ಪ್ರಾಣ ಬಿಟ್ಟ ತೊಂಬತ್ತಾರು ಇಲಿಗಳಿಗೂ ನಾನು ಋಣಿ."

ದ್ಯಾವಮ್ಮ ಕಾದಳು. "ಆಮ್ಯಾಕೆ?"

"ಆಮ್ಯಾಕೆ ಏನೂ ಇಲ್ಲ. ಮುಗೀತು."

"ಇನ್ನೊಂದ್ಸಾರಿ ನೋಡು. ನನ್ ಎಸ್ರು ಎಲ್ಲಾದ್ರೂ ಇರ್ತದೆ."

"ಇಲಿ ಎಸ್ರು ಅದೆ ಕಣತ್ತೆ. ನಿಂದಿಲ್ಲ."  ಮಾದಮ್ಮ ಪೇಪರಿನ ನೆತ್ತಿಯಲ್ಲಿ ದಪ್ಪ ಅಕ್ಷರದಲ್ಲಿದ್ದ ಗಿಡದ ಹೆಸರಿನ ಮೇಲೆ ಬೆರಳು ಕುಟ್ಟಿದಳು. "ಇದೇಯಾ ನೀನು ನಂಗೆ ಏಳಕ್ಕಾಗ್ದೇ ಇದ್ದ ಎಸ್ರು? ಡೇರಿ ಗೋಡೆಗೆ ಅಂಟ್ಸವ್ರೆ ನೋಡು. ಹಾಲ್ ಹಾಕಕ್ಕೆ ಬಂದೋರೆಲ್ಲ ಓದ್ತಾವ್ರೆ."

 ದ್ಯಾವಮ್ಮನಿಗೆ ಸೊಸೆಯ ಮುಖ ನೋಡುವ ಧೈರ್ಯ ಆಗಲಿಲ್ಲ. ಮೋಸ ಹೋದದ್ದಕ್ಕಿಂತ, ಯಾರನ್ನು ಬಿಟ್ಟು ಯಾರನ್ನು ನಂಬಿದೆ ಎನ್ನುವುದು ಅವಳನ್ನು ಸುಟ್ಟಿತು.

ಆ ವಾರವೇ ಪೇಪರು ಓದಿದವರು ಎಲ್ಲೆಲ್ಲಿಂದಲೋ ಗೋಣಿಚೀಲ ಹಿಡಿದು ಬಂದು ಗುಡ್ಡ ಹತ್ತಿದರು. ಬೇರು ಸಮೇತ ಕಿತ್ತರು. ಅಕ್ಕಿ ತೊಳೆದ ನೀರಿನ ವಿಷಯ ಪೇಪರಿನಲ್ಲಿ ಇರಲಿಲ್ಲ. ಅದು ವಿಜ್ಞಾನ ಅಲ್ಲವೆಂದು ಬಿಟ್ಟಿದ್ದರೋ ಏನೋ. ಹಸಿ ಎಲೆ ಹಚ್ಚಿಕೊಂಡವರ ಕಾಲಲ್ಲಿ ಬೊಬ್ಬೆ ಎದ್ದವು.

ಗುರುವಾರ ನಂಜಪ್ಪ ಬಂದು ಕೇರಿಯ ಮೊದಲಲ್ಲೇ ನಿಂತು ಕೂಗಿದ. ಅಲ್ಲಿಂದ ಮುಂದಕ್ಕೆ ಅವನು ಯಾವತ್ತೂ ಬಂದವನಲ್ಲ.

"ದ್ಯಾವೀ, ಭಾನ್ವಾರ ಡೇರಿ ಮುಂದೆ ಪ್ರಮೀಳಂಗೆ ಸನ್ಮಾನ ಮಡಗಿವ್ನಿ. ಮೈಸೂರಿಂದ ದೊಡ್ಡೋರು ಬತ್ತಾವ್ರೆ. ಒಂದ್ ಬುಟ್ಟಿ ಆ ಸೊಪ್ಪು ತಂದು ಸ್ಟೇಜ್ ಮೇಲೆ ಮಡಗಿ ಓಗು. ಬೇರು ಸಮೇತ ತಾ, ನೋಡಕ್ಕೆ ಚೆಂದಾಗಿರ್ತದೆ."

"ಬುದ್ಧೀ, ನನ್ ಗಂಡನ ಕಾಲು... ಪ್ರಮೀಳವ್ವಾರು ಒಂದ್ಗಳಿಗೆ ಮುಟ್ಟಿದ್ರೆ..."

"ಅವ್ಳೇನು ನಿನ್ ಗಂಡನ ಕಾಲೊತ್ತಕ್ಕೆ ಓದಿದ್ಲೇನಮ್ಮಿ?"

 ಅವನು ಹೋದ ಮೇಲೆ ದ್ಯಾವಮ್ಮ ಗುಡ್ಡಕ್ಕೆ ಹೋದಳು. ಚೀಲದವರ ಕಣ್ಣಿಗೆ ಬೀಳದ, ಬಂಡೆಯ ಹಿಂಬದಿಯ ನಾಲ್ಕು ಗಿಡದಿಂದ ನಾಲ್ಕು ಹಿಡಿ ಎಲೆ ತಂದಳು. ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿದಳು. ಭಾನುವಾರಕ್ಕೆ ಸರಿಯಾಗಿ ಮೂರು ದಿನ. ಬೆಳಗ್ಗೆ ಸೊಸೆಯನ್ನು ಕರೆದು, "ಅರ್ದುಕೊಡಮ್ಮಿ" ಎಂದಳು. ಮಾದಮ್ಮ ಯಾಕೆಂದು ಕೇಳಲಿಲ್ಲ. ನುಣ್ಣಗೆ ಅರೆದಳು. ಬೆಚ್ಚಗೆ ಮಾಡಿ ಡಬ್ಬಿಗೆ ತುಂಬಿದಳು.

ಡೇರಿಯ ಮುಂದೆ ಶಾಮಿಯಾನ ಹಾಕಿತ್ತು. ಮೈಕು ಕೂಗುತ್ತಿತ್ತು. ವೇದಿಕೆಯ ಹಿಂದೆ ಬಾಗಿಲಗಲದ ಫೋಟೊ: ಗಿಡ ಹಿಡಿದ ಅವೇ ಎರಡು ಕೈ. ಅದರ ಮುಂದೆ ಕುರ್ಚಿಯಲ್ಲಿ ಪ್ರಮೀಳಾ, ಅವಳ ಗೈಡು, ಶಾಲು ಹೊದ್ದ ಸೋಮಮ್ಮನವರು. ಕೇರಿಯವರು ಶಾಮಿಯಾನದ ಹೊರಗೆ ಬಿಸಿಲಲ್ಲಿ ಕೂತಿದ್ದರು.

ಅತ್ತೆ ಸೊಸೆ ಇಬ್ಬರೂ ಕುಳ್ಳಯ್ಯನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಜನರ ನಡುವೆ ನಡೆದರು. ಮೈಗೆ ತಾಗೀತೆಂದು ಜನ ತಾವಾಗಿಯೇ ದಾರಿ ಬಿಟ್ಟರು. ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಕುಳ್ಳಯ್ಯ ಹಲ್ಲು ಕಚ್ಚಿ ನರಳಿದ. ಮೇಲೆ ಹತ್ತಿಸಿ, ಪ್ರಮೀಳಾಳ ಕುರ್ಚಿಯ ಎದುರು ಅವನನ್ನು ಕೂರಿಸಿದರು.

ನಂಜಪ್ಪ ಹಲ್ಲು ಕಡಿಯುತ್ತ ಬಂದ. "ಸೊಪ್ಪೆಲ್ಲಮ್ಮೀ?"

"ಸೊಪ್ಪು ತರ್ಲಿಲ್ಲ ಬುದ್ಧಿ. ಕಾಲು ತಂದಿವ್ನಿ."

"ಯಾರಿವರು?" ಎಂದು ಗೈಡು ಪ್ರಮೀಳಾಳನ್ನು ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಓದಿದ ಇನ್ನೂರು ಪುಟದಲ್ಲಿ ದ್ಯಾವಮ್ಮ ಎನ್ನುವ ಹೆಂಗಸು ಇರಲಿಲ್ಲ.

"ನಮ್ಮ ಗದ್ದೆ ಆಳು ಸರ್" ಎಂದಳು ಪ್ರಮೀಳಾ.

ದ್ಯಾವಮ್ಮ ಎದ್ದು ನಿಂತಳು. ಫೋಟೊದ ಪಕ್ಕಕ್ಕೆ ಹೋಗಿ ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ಮೋಟು ಬೆರಳಿನ ಪಕ್ಕ ಮೋಟು ಬೆರಳು.  ಆಮೇಲೆ ಸೋಮಮ್ಮನವರ ಕಡೆ ತಿರುಗಿದಳು.

"ಅವ್ವಾರೇ, ಹದಿನೈದು ವರ್ಸ ನಿಮ್ ಮಂಡಿ ನನ್ ತೊಡೆ ಮೇಲಿತ್ತು. ಈ ಕೈ ಯಾರ್ದು, ಏಳಿ."

ಸೋಮಮ್ಮನವರು ಶಾಲಿನ ಅಂಚನ್ನು ಮಡಿಸಿದರು. ಬಿಡಿಸಿದರು. ಮತ್ತೆ ಮಡಿಸಿದರು. ಗೈಡು ಫೋಟೊ ನೋಡಿದರು, ದ್ಯಾವಮ್ಮನ ಕೈ ನೋಡಿದರು, ಮುಂದಿದ್ದ ಲೋಟ ಎತ್ತಿಕೊಂಡು ನೀರು ಕುಡಿದರು.

ದ್ಯಾವಮ್ಮ ಡಬ್ಬಿಯ ಮುಚ್ಚಳ ತೆಗೆದು ಪ್ರಮೀಳಾಳ ಕಾಲ ಬಳಿ ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೂ ಒಂದು ಆಸೆ ಉಳಿದಿತ್ತು, ಅದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಈ ಕೂಸು ಮುಟ್ಟಿಬಿಟ್ಟರೆ ಎಲ್ಲವನ್ನೂ ಮರೆತುಬಿಡುತ್ತೇನೆ ಎಂದುಕೊಂಡಿದ್ದಳು. ಹೆಸರು ಬೇಡ, ಫೋಟೊ ಬೇಡ. ಮುಟ್ಟಿದರೆ ಸಾಕು.

"ನೆನೆಹಾಕಿ ಅರ್ದು ತಂದಿವ್ನಿ ಕೂಸವ್ವಾ. ಹಚ್ಚೋದೊಂದೇ ಬಾಕಿ. ಕೈ ನಿಮ್ದು. ಕೆರೆ ಏರಿ ಮೇಲೆ ಮಾತು ಕೊಟ್ಟಿದ್ರಿ. ಮುಟ್ಟಿ."

ಪ್ರಮೀಳಾ ಆ ಕಾಲನ್ನು ನೋಡಿದಳು. ಚರ್ಮ ಬಿರಿದು ನೀರು ಒಸರುತ್ತಿತ್ತು. "ಇಲ್ಲ, ಈಗ ಬೇಡ" ಎಂದಳು ತಗ್ಗಿದ ದನಿಯಲ್ಲಿ. "ನಾಳೆ ಬರ್ತೀನಿ ಕೇರಿಗೆ. ಈಗ ಹೋಗು ದ್ಯಾವಮ್ಮ."

ಹೋಗು ಎಂದಳು. ಹೋಗಿ ಅನ್ನಲಿಲ್ಲ.

"ಒಂದಾಯ್ತು" ಎಂದಳು ದ್ಯಾವಮ್ಮ. "ಮುಟ್ಟಿ ಕೂಸವ್ವಾ."

"ಇಲ್ಲ ಅಂದ್ನಲ್ಲ. ಆಸ್ಪತ್ರೆಗೆ ಕರ್ಕೊಂಡ್ ಹೋಗು."

"ಎಲ್ಡಾಯ್ತು. ಇಲಿ ಕಾಲು ಹಿಡ್ದಿದ್ದೆ ಅಂದ್ರಿ. ತೊಂಬತ್ತಾರು ಇಲಿ ಕಾಲು. ಇದು ನನ್ ಗಂಡನ ಕಾಲು. ನಿಮ್ಮಪ್ಪನ ಗದ್ದೇಲಿ ಊದಿದ ಕಾಲು. ಕಡೇ ಸಾರಿ ಕೇಳ್ತಿವ್ನಿ. ಮುಟ್ಟೀರಾ?"

ಪ್ರಮೀಳಾಳ ಕಣ್ಣು ತುಂಬಿತ್ತು. ಅಪ್ಪನನ್ನು ನೋಡಿದಳು, ಗೈಡನ್ನು ನೋಡಿದಳು, ಎದುರು ಕೂತ ತನ್ನ ಜಾತಿಯ ಜನರನ್ನು ನೋಡಿದಳು. ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

"ಇಲ್ಲ. ನಾನು ರಿಸರ್ಚ್ ಮಾಡಿದೋಳು ಅಷ್ಟೆ. ಔಷಧಿ ಹಚ್ಚೋದು ನನ್ನ ಕೆಲ್ಸ ಅಲ್ಲ."

"ಮೂರಾಯ್ತು" ಎಂದಳು ದ್ಯಾವಮ್ಮ. "ನಂದು ನಂಗೆ ಬಂತು."

ಕೂತಳು. ಗಂಡನ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಎರಡು ವರ್ಷದಿಂದ ಕಂಕುಳಲ್ಲಿ ಬಚ್ಚಿಟ್ಟ ಕೈಯನ್ನು ಡಬ್ಬಿಗೆ ಹಾಕಿ, ಅಂಗಾಲಿನಿಂದ ಮೇಲಕ್ಕೆ ಉಜ್ಜತೊಡಗಿದಳು. ಮೈಕು ಚಾಲೂ ಇತ್ತು. ಕುಳ್ಳಯ್ಯನ ನರಳಾಟ ಇಡೀ ಊರಿಗೆ ಕೇಳಿಸಿತು.

"ಎಳ್ದಾಕ್ರೋ ಕೆಳಕ್ಕೆ!" ಎಂದು ನಂಜಪ್ಪ ಅರಚಿದ.

ಎಳೆಯಬೇಕಾದರೆ ಮುಟ್ಟಬೇಕು. ಸನ್ಮಾನಕ್ಕೆಂದು ಮಿಂದು ಮಡಿಯುಟ್ಟು ಬಂದವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಂದೆ ಬರಲಿಲ್ಲ. ನಂಜಪ್ಪನೂ ಬರಲಿಲ್ಲ. ತಲೆಮಾರುಗಳಿಂದ ಇವರನ್ನು ಹೊರಗಿಟ್ಟ ಮೈಲಿಗೆ ಅವತ್ತು ಅರ್ಧ ಗಂಟೆ ಆ ವೇದಿಕೆಯನ್ನು ಇವರಿಗೇ ಬಿಟ್ಟುಕೊಟ್ಟಿತು.

"ಮಾದೀ, ಬಾ ಇಲ್ಲಿ" ಎಂದಳು ದ್ಯಾವಮ್ಮ. ಸೊಸೆಯ ಕೈ ಹಿಡಿದು ಔಷಧಿಯಲ್ಲಿ ಅದ್ದಿದಳು. ಕುಳ್ಳಯ್ಯನ ಮೀನಖಂಡದ ಮೇಲೆ ಆ ಕೈ ಇಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. "ಇಲ್ಲಿ ಒತ್ತು. ಕೆಳಗಿಂದ ಮೇಲಕ್ಕೆ. ಇನ್ನೂ ಮೆಲ್ಲಕೆ."

"ಒಂದು ಕಾಲಕ್ಕೆ ಒಬ್ರುದೇ ಕೈ ಅಂತಿದ್ದೆಯಲ್ಲತ್ತೆ?"

"ಆ ಕಟ್ಳೆ ಇವತ್ತಿಗೆ ಮುಗೀತು. ನಿಂಗೆ ಮೋಸ ಮಾಡ್ದೆ ಕಣಮ್ಮಿ. ಒತ್ತು."

ಇಬ್ಬರೂ ಒತ್ತಿದರು. ಶಾಮಿಯಾನದ ಹೊರಗೆ ಬಿಸಿಲಲ್ಲಿ ಕೂತಿದ್ದ ಕೇರಿಯವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಶಿವರಾತ್ರಿಯ ಹೊತ್ತಿಗೆ ಕುಳ್ಳಯ್ಯ ಕೋಲೂರಿ ಕೆರೆಯವರೆಗೆ ನಡೆದ. ನಂಜಪ್ಪನ ಗದ್ದೆಗೆ ಆ ಮನೆಯವರನ್ನು ಮತ್ತೆ ಕರೆಯಲಿಲ್ಲ. ಡೇರಿಯಲ್ಲಿ ಮಾದಮ್ಮನ ಹಾಲಿಗೆ ದಿನವೂ ನೀರು ಬೆರೆತಿದೆ ಎಂದು ವಾಪಸ್ಸು ಕಳಿಸಿದರು. ಅವಳು ಹಾಲನ್ನು ಪಾಂಡವಪುರದ ಹೋಟೆಲಿಗೆ ಹೊತ್ತಳು. ನಾಗಮಂಗಲದವರು, ಕೆ.ಆರ್. ಪೇಟೆಯವರು ಮತ್ತೆ ಬಂದರು. ಅತ್ತೆಗೆ ಸುಸ್ತಾದರೆ ಸೊಸೆ ಉಜ್ಜಿದಳು.

ಯುಗಾದಿ ಕಳೆದ ಮೇಲೆ ಸೋಮಮ್ಮನವರ ಮಂಡಿ ಊದಿತು. ಮನೆಮದ್ದಲ್ಲವೇ, ಮನೆಯವರೇ ಹಚ್ಚಿದರು. ಹಸಿ ಎಲೆ. ಮಂಡಿಯ ಸುತ್ತ ಬೊಬ್ಬೆ ಎದ್ದು ಒಡೆಯಿತು. ಮಾರನೇ ದಿನ ನಂಜಪ್ಪನ ಮನೆಯ ಆಳು ನರಸಯ್ಯ ಕೇರಿಗೆ ಬಂದ.

"ದ್ಯಾವಮ್ಮ, ಅಜ್ಜೀರು ಗೋಳಾಡ್ತಾವ್ರೆ. ಹಿತ್ಲಿಗೆ ಬರ್ಬೇಕಂತೆ."

ಮಾದಮ್ಮ ಅತ್ತೆಯ ಮುಖ ನೋಡಿದಳು. ದ್ಯಾವಮ್ಮ ಆಗಲೇ ಅಕ್ಕಿ ತೊಳೆದ ನೀರಿನ ಮಡಕೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು.

"ರೋಗಿ ಬಂದ್ರೆ ಇಲ್ಲ ಅನ್ನಂಗಿಲ್ಲ. ಅದು ಕಟ್ಳೆ. ನಡಸ್ತೀನಿ" ಎಂದಳು. "ಅಜ್ಜೀರ್ಗೆ ಏಳು ನರಸಯ್ಯ. ಬರ್ಲಿ. ನನ್ ಜಗಲಿ ಮೇಲೆ ಕೂತ್ಕಳ್ಳಿ. ಕಾಲನ್ನ ನನ್ ತೊಡೆ ಮೇಲೇ ಮಡಿಕತೀನಿ."

ಚಾಪೆ ಕೊಡವಿ ಜಗಲಿಯ ಮೇಲೆ ಹಾಸಿದಳು. ನಂಜಪ್ಪನ ಮನೆಯಿಂದ ಕೇರಿಗೆ ಕೂಗಳತೆಯ ದೂರ. ಸೋಮಮ್ಮನವರ ನರಳಾಟ ಗಾಳಿ ಈ ಕಡೆ ಬೀಸಿದಾಗ ಕೇಳಿಸುತ್ತದೆ. ಎಲೆ ಮೂರು ದಿನ ನೆನೆದು ಸಿದ್ಧವಾಯಿತು. ಹಳಸಿದಾಗ ಚೆಲ್ಲಿ ಮತ್ತೆ ನೆನೆಹಾಕಿದಳು.

ಅವರು ಇನ್ನೂ ಬಂದಿಲ್ಲ. ಚಾಪೆ ಹಾಸಿಯೇ ಇದೆ.